ಜ್ವರದ ಊರು ಓದಿದ ರಕ್ತದ ವರದಿ

ಮಳೆಗಾಲದಲ್ಲಿ ಯಾರಿಗಾದರೂ ಜ್ವರ ಬಂದರೆ ಮಂಗಳೂರಿಗರು ಮೊದಲು ಕೇಳುವುದು ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂದು. ದಶಕಗಳ ಮಲೇರಿಯಾ ಮತ್ತು 2019ರ ಡೆಂಗಿ ಕಲಿಸಿಕೊಟ್ಟ ಪ್ರಶ್ನೆಯಿದು. 2020ರ ಮಾರ್ಚ್ 22ರಂದು ದಕ್ಷಿಣ ಕನ್ನಡದ ಮೊದಲ ಕೋವಿಡ್ ಪ್ರಕರಣ ದೃಢಪಟ್ಟು, ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾದ ಮೇಲೆ ಅದೊಂದೇ ಪ್ರಶ್ನೆ ಸಾಲದಾಯಿತು.

ಕೈಯಲ್ಲಿದ್ದದ್ದು ರಕ್ತಕಣಗಳನ್ನು ಎಣಿಸುವ ಅದೇ ಸಿಬಿಸಿ ಪರೀಕ್ಷೆಯ ಹಾಳೆ, ನೋಡಬೇಕಾದ ಸಾಲು ಮಾತ್ರ ಬೇರೆ. ಡೆಂಗಿಯಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ಹೇಳುವ ಹೆಮಟೋಕ್ರಿಟ್ ಏರತೊಡಗಿದರೆ ವೈದ್ಯರು ಎಚ್ಚರವಾಗುತ್ತಾರೆ. ಕೋವಿಡ್ ಬಿಗಡಾಯಿಸಿದವರಲ್ಲಿ ಬಿಳಿ ರಕ್ತಕಣಗಳ ಪೈಕಿ ಲಿಂಫೋಸೈಟ್ ಇಳಿದು ನ್ಯೂಟ್ರೋಫಿಲ್ ಏರುತ್ತಿತ್ತು, ಜೊತೆಗೆ ಬೇರೆ ಪರೀಕ್ಷೆಯಲ್ಲಿ ಅಳೆಯುವ, ಉರಿಯೂತ ಸೂಚಿಸುವ ಸಿಆರ್‌ಪಿಯೂ ಏರುತ್ತಿತ್ತು. ವುಹಾನ್‌ನ ಮೊದಲ 41 ರೋಗಿಗಳಲ್ಲಿ 26 ಮಂದಿಗೆ ಲಿಂಫೋಸೈಟ್ ಕಡಿಮೆಯಿತ್ತೆಂದು ಲ್ಯಾನ್ಸೆಟ್ ಪತ್ರಿಕೆ 2020ರ ಜನವರಿಯಲ್ಲೇ ಪ್ರಕಟಿಸಿತ್ತು. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿ, ಉತ್ತರ 3.5 ದಾಟಿದರೆ ಆ ರೋಗಿಯ ಮೇಲೆ ಹೆಚ್ಚಿನ ನಿಗಾ ಇಡುವುದು ರೂಢಿಗೆ ಬಂತು. ಇದಕ್ಕೆ ಹೊಸ ಯಂತ್ರವಾಗಲಿ ದುಬಾರಿ ಕಿಟ್ ಆಗಲಿ ಬೇಕಿರಲಿಲ್ಲ. ಆ ದಿನಗಳ ಪರೀಕ್ಷೆಗಳಲ್ಲೆಲ್ಲ ಬಡವನಿಗೂ ಎಟುಕಿದ್ದು, ಅತಿ ಹೆಚ್ಚು ಉಪಕರಿಸಿದ್ದು ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆಯಲ್ಲಿ ದಾರಿ ತಪ್ಪಿತು. ಸಣ್ಣ ಜ್ವರದವರೂ ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್ ಎಂಬ ದುಬಾರಿ ರಕ್ತಪರೀಕ್ಷೆಗಳಿಗೆಂದು ಲ್ಯಾಬ್‌ಗಳ ಮುಂದೆ ನಿಂತರು. ವರದಿಗಳು ವೈದ್ಯರಿಗಿಂತ ಮೊದಲು ವಾಟ್ಸ್‌ಆ್ಯಪ್ ತಲುಪಿದವು. ರಕ್ತ ಹೆಪ್ಪುಗಟ್ಟುವುದರ ಸುಳಿವು ಕೊಡುವ ಡಿ-ಡೈಮರ್ ಅನ್ನು ಎರಡು ಬಗೆಯ ಮಾನದಲ್ಲಿ ಅಳೆಯುತ್ತಾರೆ, ಒಂದರ ಅಂಕಿ ಇನ್ನೊಂದರ ಸುಮಾರು ಇಮ್ಮಡಿ. ಇದನ್ನರಿಯದೆ ಎರಡು ಲ್ಯಾಬ್‌ಗಳ ಅಂಕಿ ಹೋಲಿಸಿ ಕಂಗಾಲಾದ ಮನೆಗಳಿಗೆ ಲೆಕ್ಕವುಂಟೇ! ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಅಂಕಿಗೆ ಹೆದರಿ ನುಂಗಿದ ಸ್ಟೆರಾಯ್ಡ್‌ನಿಂದಾಯಿತು. ಆಮ್ಲಜನಕದ ನೆರವು ಬೇಕಾದವರ ಜೀವವನ್ನು ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಉಳಿಸುತ್ತದೆ, ಬೇಡದವರಿಗೆ ಅದರಿಂದ ಲಾಭವಿಲ್ಲ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲೇ ತೋರಿಸಿತ್ತು. ಸೌಮ್ಯ ಲಕ್ಷಣದವರಿಗೆ ಡಿ-ಡೈಮರ್‌ನಂಥ ಪರೀಕ್ಷೆಗಳು ಬೇಡವೆಂದು ಏಮ್ಸ್ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ 2021ರ ಮೇ ತಿಂಗಳಲ್ಲಿ ಹೇಳುವಷ್ಟರಲ್ಲಿ ತಡವಾಗಿತ್ತು. ಸ್ಟೆರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ; ಸಕ್ಕರೆ ಕಾಯಿಲೆ ಹತೋಟಿ ಮೀರಿದವರನ್ನು ಕಪ್ಪು ಶಿಲೀಂಧ್ರ ಹಿಡಿಯಿತು. ಗ್ಲೂಕೋಸ್‌ನಂಥ ಅಗ್ಗದ ಪರೀಕ್ಷೆಯನ್ನು ದಿನವೂ ಮಾಡಬೇಕಿದ್ದದ್ದು ಅಂಥವರಿಗೆ.

ದುಬಾರಿ ಪರೀಕ್ಷೆಗಳೆಲ್ಲ ವ್ಯರ್ಥವೆಂದಲ್ಲ. ಆಮ್ಲಜನಕ ಇಳಿದು ಸಿಆರ್‌ಪಿ 75 ದಾಟಿದವರಿಗೆ ಟೋಸಿಲಿಝುಮ್ಯಾಬ್ ಎಂಬ ಔಷಧ ನೆರವಾಗುವುದನ್ನೂ ಅದೇ ರಿಕವರಿ ಪ್ರಯೋಗ ತೋರಿಸಿತು. ರೋಗಿಯ ಉಸಿರನ್ನು ಗಮನಿಸಿ ಆಮೇಲೆ ಅಂಕಿ ನೋಡಿದಲ್ಲಿ ಅದು ಕೆಲಸಕ್ಕೆ ಬಂತು.

ಜಿಲ್ಲೆಯಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ. ಗಡಿಯಾಚೆಯ ಕಾಸರಗೋಡಿನವರೂ ನೆಚ್ಚಿಕೊಂಡ ಆಸ್ಪತ್ರೆಗಳಿವು. ಇವುಗಳ ಕಪಾಟುಗಳಲ್ಲಿರುವ ಕೋವಿಡ್, ಡೆಂಗಿ, ಮಲೇರಿಯಾ ರೋಗಿಗಳ ಸಿಬಿಸಿಗಳನ್ನು ಹೆಸರು ಅಳಿಸಿ ಒಂದೆಡೆ ತಂದರೆ, ಮೂರು ಜ್ವರಗಳ ರಕ್ತದ ಗುರುತನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮುಂದಿನ ಮಳೆಗಾಲಕ್ಕೇ ಅದು ಬೇಕು. ಜಿಲ್ಲಾಡಳಿತ ಈ ಕಾಲೇಜುಗಳನ್ನು ಒಂದು ಮೇಜಿನ ಸುತ್ತ ಕೂರಿಸಲಿ.