ಮಕ್ಕಳನ್ನು ದುಭಾಷಿಗಳನ್ನಾಗಿಸಬೇಡಿ

ನಮ್ಮ ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡು ದಿನ ಶಾಲೆಗೆ ಬರಲಿಲ್ಲ. ಕಾರಣ ಕೇಳಿದಾಗ, "ಅಮ್ಮನೊಟ್ಟಿಗೆ ಆಸ್ಪತ್ರೆಗೆ ಹೋಗಿದ್ದೆ ಮಾಷ್ಟ್ರೇ, ಡಾಕ್ಟರು ಮಲಯಾಳದಲ್ಲಿ ಹೇಳುವುದು ಅಮ್ಮನಿಗೆ ಗೊತ್ತಾಗುವುದಿಲ್ಲ" ಎಂದಳು. ಕಲಿತ ಅಷ್ಟಿಷ್ಟು ಮಲಯಾಳದಲ್ಲಿ ಆ ಮಗು ತಾಯಿಯ ಗರ್ಭಕೋಶದ ತೊಂದರೆಯನ್ನು ವೈದ್ಯರಿಗೆ ವಿವರಿಸಬೇಕಾಗಿತ್ತು. ಮಗಳ ಮುಂದೆ ತಾಯಿ ಎಷ್ಟನ್ನು ಹೇಳದೆ ನುಂಗಿದರೋ, ಮಗಳು ಎಷ್ಟನ್ನು ತಪ್ಪಾಗಿ ದಾಟಿಸಿದಳೋ, ಬಲ್ಲವರಾರು? ತಾಳವಾಡಿಯಲ್ಲಾದರೆ ತಮಿಳು, ಅಕ್ಕಲಕೋಟೆಯಲ್ಲಾದರೆ ಮರಾಠಿ, ವ್ಯತ್ಯಾಸ ಅಷ್ಟೇ.

ಔಷಧದ ವಿಷಯದಲ್ಲಿ ಅರೆ ತಿಳುವಳಿಕೆ ಅಪಾಯಕಾರಿ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ನೋಡಿ. ಹಸುಳೆಗಳ ಹನಿ ಔಷಧದಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಅಥವಾ 250. ಹೆಸರು ಒಂದೇ. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧ ಕುಡಿಸಿದರೆ ಪ್ರಮಾಣ ಎರಡು ಪಟ್ಟೋ ನಾಲ್ಕು ಪಟ್ಟೋ ಆಗಿಬಿಡುತ್ತದೆ. ಭೇದಿಗೆ ಕೊಡುವ ಓ.ಆರ್.ಎಸ್.ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಒಂದೇ ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು ಅತಿಯಾಗಿ ಮಗುವಿಗೆ ಕೇಡೇ ಆಗುತ್ತದೆ.

ವೈದ್ಯರು "ಗೊತ್ತಾಯಿತಾ?" ಎಂದರೆ ನಾವೆಲ್ಲ ತಲೆಯಾಡಿಸುತ್ತೇವೆ. (ತರಗತಿಯಲ್ಲಿ ನಾನು ಕೇಳಿದಾಗಲೂ ಮಕ್ಕಳು ಮಾಡುವುದು ಅದನ್ನೇ!) ಅದಕ್ಕೇ ಹಲವು ದೇಶಗಳ ಆಸ್ಪತ್ರೆಗಳಲ್ಲಿ ದಾದಿಯರು ಹಾಗೆ ಕೇಳುವುದಿಲ್ಲ. "ಮನೆಗೆ ಹೋಗಿ ಈ ಔಷಧವನ್ನು ಹೇಗೆ ಕೊಡುತ್ತೀರಿ, ಒಮ್ಮೆ ಹೇಳಿ" ಎನ್ನುತ್ತಾರೆ. ತಪ್ಪಿದರೆ ಮತ್ತೆ ವಿವರಿಸುತ್ತಾರೆ. ಇದಕ್ಕೆ ಯಂತ್ರ ಬೇಡ, ಅನುದಾನ ಬೇಡ. ರೋಗಿಯ ಭಾಷೆ ಬಲ್ಲ ಒಬ್ಬರಿದ್ದರೆ ಸಾಕು. ಓದು ಬಾರದವರಿಗೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರರ ಗುರುತು ಹಾಕಿದರೂ ಹೊತ್ತು ತಿಳಿಯುತ್ತದೆ.

ಇದು ದಯೆಯ ಮಾತಲ್ಲ. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೋಹ್ಲಿ ಮೊಕದ್ದಮೆಯಲ್ಲಿ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನದು, ರೋಗಿ ಬಲ್ಲ ಭಾಷೆಯಲ್ಲಿ ವಿವರಿಸಬೇಕೆನ್ನುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಬೇರೆ ರಾಜ್ಯಗಳಲ್ಲಿರುವವರಿಗೆ ಸಂವಿಧಾನದ 350ನೆಯ ವಿಧಿ ಇದೆ: ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಹಕ್ಕು ಕಾಗದದ ಮೇಲಿದೆ, ಕೇಳುವವರು ಕಡಿಮೆ.

ಹೆತ್ತವರಲ್ಲಿ ಒಂದು ವಿನಂತಿ. ಆಸ್ಪತ್ರೆಗೆ ಹೋಗುವಾಗ ಮಕ್ಕಳ ಬದಲು ನೆರೆಹೊರೆಯ ಹಿರಿಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆದುಕೊಂಡು ಹೋಗಿ. ಕನ್ನಡ ಬಲ್ಲ ಸಿಬ್ಬಂದಿ ಹಾಗೂ ಕನ್ನಡದ ಔಷಧ ಚೀಟಿಗಾಗಿ ಆರೋಗ್ಯ ಕೇಂದ್ರಕ್ಕೆ ಸಲ್ಲಿಸುವ ಅರ್ಜಿಯ ಕರಡು ನಮ್ಮ ಶಾಲೆಯಲ್ಲಿ ಸಿದ್ಧವಿದೆ. ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿರುವ, ಓದಲಾಗದ ಚೀಟಿಗಳನ್ನೂ ತನ್ನಿ. ಅರ್ಜಿಯೊಂದಿಗೆ ಅವುಗಳ ಪ್ರತಿಗಳನ್ನು ಲಗತ್ತಿಸೋಣ.