ಸ್ಲ್ಯಾಬಿನ ಕೆಳಗೆ ಇರುವವರನ್ನು ಮೊದಲು ಕೇಳಿರಿ

ಗಡಿಯಾಚೆಯ ಕನ್ನಡ ಶಾಲೆಗಳ ಪಾಲಕರೇ, ಶಿಕ್ಷಕ ಬಂಧುಗಳೇ,

"ಮನೆ ಕೊಟ್ಟದ್ದೇ ದೊಡ್ಡದು, ಇನ್ನು ಅವರನ್ನೇನು ಕೇಳುವುದು?" ಕಾರ್ಮಿಕರ ಕಾಲನಿಗಳ ದುರಸ್ತಿಯ ವಿಷಯ ಬಂದಾಗಲೆಲ್ಲ ಈ ಮಾತು ಬರುತ್ತದೆ. ಓದಿದವರ ಬಾಯಿಂದಲೇ ಬರುತ್ತದೆ! ಈ ಮಾತನ್ನು ನಾವು ಒಪ್ಪುವುದಿಲ್ಲ.

ಸೊಲ್ಲಾಪುರದ ಹತ್ತಿರದ ಕುಂಭಾರಿಯನ್ನೇ ನೋಡಿರಿ. ಗೋದೂತಾಯಿ ಪರುಳೇಕರ ಹೆಸರಿನಲ್ಲಿ ಬೀಡಿ ಕಟ್ಟುವ ಮಹಿಳೆಯರಿಗಾಗಿ 10,000 ಮನೆಗಳ ಕಾಲನಿ ಅಲ್ಲಿದೆ. 2006ರಲ್ಲಿ ಆಗಿನ ಪ್ರಧಾನಿ ಡಾ. ಮನಮೋಹನ ಸಿಂಗ್ ಅದನ್ನು ಉದ್ಘಾಟಿಸಿದರು. ಆಮೇಲೆ ಅಲ್ಲಿಯೇ 30,000 ಮನೆಗಳ ರೇ ನಗರದ ಯೋಜನೆ ಬಂತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ಇವು ಯಾರೋ ಧರ್ಮಕ್ಕೆ ಕೊಟ್ಟ ಮನೆಗಳಲ್ಲ. ನರಸಯ್ಯ ಆಡಮ್ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಮೋರ್ಚಾ ಮಾಡಿ, ತಮ್ಮ ಪಾಲಿನ ಹಣ ಕಟ್ಟಿ ಪಡೆದವು. ಮನೆ ಬೇಕೆಂದು ಹೋರಾಡಿ ಗೆದ್ದವರಿಗೆ ಆ ಮನೆ ಹೇಗಿರಬೇಕೆಂದು ಹೇಳಲು ಬರುವುದಿಲ್ಲವೆ?

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಸಿಮೆಂಟಿನ ಸ್ಲ್ಯಾಬು ಹಗಲೆಲ್ಲ ಆ ಕಾವನ್ನು ಕುಡಿದು ರಾತ್ರಿ ಮನೆಯೊಳಗೆ ಬಿಡುತ್ತದೆ. ನಮ್ಮ ಹಿರಿಯರ ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಬೇಗೆ ಇರಲಿಲ್ಲ. ಈಗ ರಾತ್ರಿ ನಿದ್ದೆಯಿಲ್ಲದ ಮಕ್ಕಳು ಮುಂಜಾನೆಯ ಶಾಲೆಗೆ ಬಂದು ತೂಕಡಿಸುತ್ತಾರೆ. "ಅಭ್ಯಾಸದಲ್ಲಿ ಹಿಂದೆ" ಎಂದು ನಾವು ಬರೆಯುತ್ತೇವೆ. ಮಾಳಿಗೆಯ ತಪ್ಪನ್ನು ಮಗುವಿನ ಲೆಕ್ಕಕ್ಕೆ ಬರೆದಂತಾಯಿತು, ಅಲ್ಲವೆ?

"ಫ್ಯಾನ್ ಹಾಕಿಕೊಳ್ಳಲಿ" ಎನ್ನುವವರಿದ್ದಾರೆ. ಬೀಡಿ ಕಟ್ಟುವ ಮನೆಯಲ್ಲಿ ಕುಳಿತು ನೋಡಿರಿ. ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದ ಎಲೆ ಫ್ಯಾನಿನ ಗಾಳಿಗೆ ಒಣಗಿ ಸೀಳುತ್ತದೆ, ಮೊರದಲ್ಲಿದ್ದ ತಂಬಾಕಿನ ಪುಡಿ ಮನೆಯೆಲ್ಲ ಹಾರುತ್ತದೆ. ಆದ್ದರಿಂದ ಮಧ್ಯಾಹ್ನದ ಸುಡು ಹೊತ್ತಿನಲ್ಲೇ ಫ್ಯಾನು ಬಂದ್! ಈ ಸಂಗತಿ ಯಾವ ನಕಾಶೆಯಲ್ಲೂ ಇರುವುದಿಲ್ಲ. ಇಂಜಿನಿಯರರು ಜಾಣರೇ, ಆದರೆ ಇದನ್ನು ಆ ತಾಯಂದಿರೇ ಹೇಳಬೇಕು.

ಇನ್ನು ಸೋಲಾರ್. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಒಳ್ಳೆಯದೇ. ಆದರೆ ಅದು ಬಿಲ್ಲು ಇಳಿಸುತ್ತದೆ. ಫಲಕದ ನೆರಳು ಬೀಳದ ಸ್ಲ್ಯಾಬು ಸುಡುತ್ತಲೇ ಇರುತ್ತದೆ. ಮೇಲಾಗಿ ಒಂದರ ಮೇಲೊಂದು ಮನೆಯಿದ್ದಲ್ಲಿ ಮಾಳಿಗೆ ಯಾರದು? ಬಟ್ಟೆ, ಶಂಡಿಗೆ ಎಲ್ಲಿ ಒಣಗಿಸಬೇಕು? ಎಲ್ಲರೂ ಕುಳಿತು ತೀರ್ಮಾನಿಸದಿದ್ದರೆ ಮುಂದೆ ಜಗಳವೇ.

ಮೊದಲು ಸೋವಿ ಕೆಲಸವಾಗಲಿ. ಮಾಳಿಗೆಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿದರೆ ಒಳಗಿನ ಕಾವು ಎರಡರಿಂದ ಐದು ಡಿಗ್ರಿಯವರೆಗೆ ಇಳಿಯಬಹುದು. ಅಹಮದಾಬಾದಿನಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ಕೊಳಚೆ ಪ್ರದೇಶದ ಹೆಣ್ಣುಮಕ್ಕಳನ್ನು ಜೊತೆಗೂಡಿಸಿಕೊಂಡೇ ಈ ಕೆಲಸ ಮಾಡಿದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಧೋರಣೆ ತಂದು ಸರ್ಕಾರಿ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ಹಾಗೆಯೇ ಎದುರುಬದುರು ಕಿಟಕಿ, ಕಿಟಕಿಗೆ ನೆರಳು, ಓಣಿಯಲ್ಲಿ ಬೇವಿನ ಗಿಡ, 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನದು... ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಓಣಿಯವರೇ ಹೇಳಲಿ.

ಹೇಳುವುದು ಯಾವ ಭಾಷೆಯಲ್ಲಿ? ಇದು ನಮ್ಮ ಮುಖ್ಯ ಪ್ರಶ್ನೆ. ಸೊಲ್ಲಾಪುರದ ದುಡಿಯುವ ಓಣಿಗಳಲ್ಲಿ ಮರಾಠಿಯ ಜೊತೆಗೆ ತೆಲುಗು, ಕನ್ನಡ, ಉರ್ದು ಇವೆ. ಮರಾಠಿಯ ಮೇಲೆ ನಮಗೆ ಸಿಟ್ಟಿಲ್ಲ, ಅದು ನಮ್ಮ ರಾಜ್ಯದ ಭಾಷೆ. ಆದರೆ ಬರೀ ಮರಾಠಿಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು "ಜನರ ಸಹಭಾಗ ಆಯಿತು" ಎಂದರೆ ಅದು ಸಹಭಾಗವಲ್ಲ, ಸಹಿಭಾಗ! ಸಂವಿಧಾನದ 350ಎ ಕಲಮು ನಮಗೆಲ್ಲ ಬಾಯಿಪಾಠ, ಏಕೆಂದರೆ ಮಾತೃಭಾಷೆಯ ಶಾಲೆಯ ಮಾತು ಅದರಲ್ಲಿದೆ. ಅದರ ಹಿಂದಿನ 350ನೇ ಕಲಮನ್ನು ಮರೆತಿದ್ದೇವೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಅದರಲ್ಲಿದೆ. ಕನ್ನಡದಲ್ಲೂ ಕೊಡಬಹುದು.

ನಮ್ಮ ಬೇಡಿಕೆ ಇಷ್ಟೇ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಯಾವುದೇ ಕಾಲನಿಯ ನವೀಕರಣದ ನಕಾಶೆ ಪಾಸಾಗುವ ಮುಂಚೆ ಓಣಿ ಓಣಿಯಲ್ಲಿ ಸಭೆಯಾಗಲಿ. ಸಭೆ ಕೆಲಸದ ಹೊತ್ತಿನಲ್ಲಿ ಬೇಡ; ದಿನದ ಮಜೂರಿ ಬಿಟ್ಟು ಯಾವ ತಾಯಿ ಬಂದಾಳು? ಅಲ್ಲಿನ ಜನರ ಭಾಷೆಗಳಲ್ಲಿ ನಡೆಯಲಿ, ಬರೆದುಕೊಂಡದ್ದನ್ನು ಓದಿ ಹೇಳಲಿ.

ಶಾಲೆಗಳೂ ಸುಮ್ಮನೆ ಕೂರಬಾರದು. ಏಳನೆಯ ಇಯತ್ತೆಯ ಮಕ್ಕಳ ಕೈಗೆ ಒಂದು ಉಷ್ಣತಾಮಾಪಕ ಕೊಟ್ಟು, ಮಧ್ಯಾಹ್ನ ಎರಡಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಮನೆಯ ಕಾವು ಬರೆಸೋಣ. ಹದಿನೈದು ದಿನದ ಆ ವಹಿಯನ್ನು ಕನ್ನಡ ಅರ್ಜಿಯೊಂದಿಗೆ ಗ್ರಾಮಸಭೆಯ ಮುಂದಿಡೋಣ. ವಿಜ್ಞಾನದ ಪಾಠವೂ ಆಯಿತು, ನಾಗರಿಕಶಾಸ್ತ್ರದ ಪಾಠವೂ ಆಯಿತು.

ಬರುವ ಬೇಸಿಗೆಯೊಳಗೆ ಇಷ್ಟಾದರೂ ಮಾಡೋಣ. ಏನಂತೀರಿ?