ಕೋವಿಯ ಭಾರ ಯಾರ ಹೆಗಲಿಗೆ?

ಬೋಡಕ್‌ದೇವ್‌ನ ನಮ್ಮ ಓದುಕೂಟದಲ್ಲಿ ಕಳೆದ ತಿಂಗಳು ಶಿಕಾರಿ ಕಥೆಗಳ ಸರದಿ. ಓದು ಮುಗಿದ ಮೇಲೆ ಮಾತು ಹೊರಳಿ ಹೊರಳಿ, ಬೇಟೆಯ ರೈಫಲ್ಲಿನ ತೂಕ ಇಳಿಸುವ ವಿದ್ಯೆಗೆ ಬಂದು ನಿಂತಿತು. ನಳಿಗೆಯನ್ನು ಮೋಟು ಮಾಡುವುದು, ಅದರ ಮೈಯುದ್ದಕ್ಕೂ ಗೀರು ಕೊರೆದು ಉಕ್ಕು ತೆಗೆಯುವುದು, ಹೆಗಲಿಗೆ ಆನಿಸುವ ಮರವನ್ನು ಒಳಗಿನಿಂದ ಟೊಳ್ಳು ಮಾಡುವುದು ಅಥವಾ ಅದರ ಜಾಗದಲ್ಲಿ ಕಾರ್ಬನ್ ನಾರಿನದನ್ನು ಕೂರಿಸುವುದು, ಉಕ್ಕಿನ ಬದಲು ಟೈಟೇನಿಯಂ ಬಳಸುವುದು. ‘ಪ್ರಗತಿಯೆಂದರೆ ಇದೇ ಅಲ್ಲವೇ?’ ಎಂಬ ಮಾತಿಗೆ ಹಲವರು ತಲೆದೂಗಿದರು. ನಾವು ತಲೆದೂಗಲಿಲ್ಲ. ಕೋವಿಯ ಭಾರ ಕಡಿಮೆಯಾಗುತ್ತದೆ ಎಂಬುದೇ ಒಂದು ಭ್ರಮೆ. ಅದು ಹೊರುವವರನ್ನು ಬದಲಿಸುತ್ತದೆ, ಅಷ್ಟೆ.

ಮೊದಲು ಯಂತ್ರದ ಮಾತನ್ನೇ ಆಡೋಣ. ಗುಂಡು ಮುಂದಕ್ಕೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯುವುದು ಕೋವಿಯ ತೂಕವೇ. ನಾಲ್ಕು ಕಿಲೋ ರೈಫಲ್ಲನ್ನು ಮೂರು ಕಿಲೋಗೆ ಇಳಿಸಿ, ಅದೇ ಗುಂಡು ಅದೇ ಮದ್ದು ಬಳಸಿದರೆ, ಹೆಗಲಿಗೆ ಬಂದು ಬಡಿಯುವ ಶಕ್ತಿ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ನಡೆಯುವಾಗ ಉಳಿಸಿದ್ದನ್ನು ಹೊಡೆಯುವಾಗ ತೆರಬೇಕು. ಆ ಪೆಟ್ಟಿಗೆ ಹೆದರಿದ ಕೈ ಟ್ರಿಗರ್ ಒತ್ತುವ ಕ್ಷಣದಲ್ಲೇ ಅದುರುತ್ತದೆ. ಗುಂಡಿಗೆಗೆ ಇಟ್ಟ ಗುರಿ ಹೊಟ್ಟೆಗೋ ದವಡೆಗೋ ತಾಗುತ್ತದೆ. ಬೇಟೆಗಾರ ‘ತಪ್ಪಿತು’ ಎಂದು ಮನೆಗೆ ಹೋಗುತ್ತಾನೆ. ಪ್ರಾಣಿ ಗಾಯ ಹೊತ್ತು ಕಾಡಿಗೆ ಹೋಗುತ್ತದೆ.

ಆ ಗಾಯದ ಭಾರ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಲು ಜಿಮ್ ಕಾರ್ಬೆಟ್ಟನನ್ನು ಓದಿದರೆ ಸಾಕು. 1907ರಲ್ಲಿ ಆತ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಬದಿಯ ಕೋರೆಹಲ್ಲುಗಳು, ಮೇಲಿನದೂ ಕೆಳಗಿನದೂ, ಯಾವುದೋ ಹಳೆಯ ಗುಂಡೇಟಿಗೆ ಮುರಿದಿದ್ದವು. ಸಹಜ ಬೇಟೆ ಕೈತಪ್ಪಿದ ಆ ಪ್ರಾಣಿ 436 ಜನರನ್ನು ಕೊಂದಿತ್ತೆಂದು ಆತನೇ ಬರೆದಿದ್ದಾನೆ. ಮೊದಲ ಗುಂಡು ಹಾರಿಸಿದವನ ಕೋವಿ ಹಗುರವಾಗಿತ್ತೋ ಭಾರವಾಗಿತ್ತೋ ಎಂಬುದು ಇಲ್ಲಿ ಮುಖ್ಯವಲ್ಲ. ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವನ ಸಾಲವನ್ನು ತೀರಿಸಿದವರು ಸೊಪ್ಪಿಗೆ, ಸೌದೆಗೆ ಹೋದ ಹೆಂಗಸರು.

ತೂಕ ಇಳಿಸುವ ಇನ್ನೊಂದು ವಿದ್ಯೆ ಟೈಟೇನಿಯಂಗಿಂತ ಬಹಳ ಹಳೆಯದು: ಬೇರೊಬ್ಬನ ಹೆಗಲು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆನೆಗಳ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಆನೆಬೇಟೆಗೆ ‘ಫೋರ್ ಬೋರ್’ ಕೋವಿ ಬಳಸಿದವನು. ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡು ಎರೆಯಬಹುದಾದಷ್ಟು ದಪ್ಪ ನಳಿಗೆ ಎಂಬುದು ಆ ಹೆಸರಿನ ಅರ್ಥ; ಅಂದರೆ ಒಂದೊಂದು ಗುಂಡೂ ನೂರು ಗ್ರಾಂ ಮೀರಿದ್ದು. ಅಂಥ ಕೋವಿಯನ್ನು ದಿನವಿಡೀ ದೊರೆ ಹೊರುವುದುಂಟೇ? ಆ ಕಾಲದ ಶಿಕಾರಿಯಲ್ಲಿ ಕೋವಿ ಹೊರುವ ಆಳು ಇರಲೇಬೇಕು. ದೊರೆ ಕೈಚಾಚಿದೊಡನೆ ಮದ್ದು ತುಂಬಿದ ಕೋವಿ ಕೊಡಬೇಕು, ಆನೆ ಎರಗಿ ಬಂದರೂ ಬರಿಗೈಯಲ್ಲಿ ಅಲ್ಲೇ ನಿಂತಿರಬೇಕು. ಅವನ ಮುಂದೆ ಹೆಜ್ಜೆ ನೋಡಿ ದಾರಿ ಹಿಡಿಯುವವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು. ಕಾಡು ಓದಿದವರು ಅವರು. ಪುಸ್ತಕ ಬರೆದವನು ದೊರೆ.

ನಮ್ಮ ಗುಜರಾತಿನ ಅರಸರು ಇದನ್ನೂ ಮೀರಿಸಿದರು. ಅಹಮದಾಬಾದಿನಿಂದ ಕೆಲವೇ ಗಂಟೆಗಳ ದಾರಿಯ ವೇಳಾವದರದ ಹುಲ್ಲುಗಾವಲು ಭಾವನಗರದ ಅರಸರ ಬೇಟೆಯ ಬಯಲು. ಅಲ್ಲಿ ಕೃಷ್ಣಮೃಗದ ಬೆನ್ನುಹತ್ತುತ್ತಿದ್ದದ್ದು ಪಳಗಿಸಿದ ಚೀತಾ. ಕೋವಿಯ ಭಾರ ಸೊನ್ನೆಗೇ ಇಳಿಯಿತು! 1952ರಲ್ಲಿ ಭಾರತದ ಚೀತಾ ಅಳಿಯಿತೆಂದು ಸರಕಾರ ಸಾರಿತು. ಬೇಟೆಗೆಂದು ಬೆಳೆದ ಚೀತಾಗಳನ್ನು ಕಾಡಿನಿಂದ ಹಿಡಿದು ತರುತ್ತಿದ್ದದ್ದೂ ಆ ಅಳಿವಿನ ಕಾರಣಗಳಲ್ಲೊಂದು.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಮಲೆನಾಡಿನಲ್ಲಿ ರಾತ್ರಿಯಿಡೀ ಗದ್ದೆಯ ಅಂಚಿನಲ್ಲಿ ಹಂದಿ ಕಾಯುವ ರೈತನಿಗೆ ಹಗುರ ಕೋವಿ ಬೇಡವೇ? ಅವನೊಡನೆ ನಮಗೆ ಜಗಳವಿಲ್ಲ. ತನ್ನ ಕೋವಿಯನ್ನು ತಾನೇ ಹೊತ್ತವನು, ಒದೆತವನ್ನೂ ನಷ್ಟವನ್ನೂ ತಾನೇ ಉಂಡವನು ಅವನು. ನಮ್ಮ ಜಗಳವೇನಿದ್ದರೂ ಮೋಜಿಗೆ ಕೊಂದು ಭಾರವನ್ನು ಇತರರಿಗೆ ದಾಟಿಸಿದವರೊಡನೆ, ಮತ್ತು ಅವರ ಕಥೆಗಳನ್ನು ಭಾರವಿಲ್ಲದೆ ಓದುವ ನಮ್ಮೊಡನೆ.

ಬೇಟೆ ನಿಂತು ಎಷ್ಟೋ ಕಾಲವಾಯಿತಲ್ಲ ಎನ್ನುವವರಿದ್ದಾರೆ. 1972ರ ವನ್ಯಜೀವಿ ಕಾಯಿದೆ ಬಂತು, ನಿಜ, ಬರಬೇಕಾದದ್ದೇ. ದೊರೆ ಕೋವಿಯನ್ನು ಗೋಡೆಗೆ ತೂಗುಹಾಕಿದ. ಆದರೆ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದಾಗ ಒಳಗಾಡಿನ ಹಾಡಿ ಬಿಟ್ಟು ಹೊರಬಂದವರು ಸೋಲಿಗರು. ಕಾಡಿನ ಮೇಲೆ ಅವರ ಸಾಮುದಾಯಿಕ ಹಕ್ಕನ್ನು ಒಪ್ಪಲು 2011 ಬರಬೇಕಾಯಿತು. ಶಿಕಾರಿಯ ಮುಗಿದ ಲೆಕ್ಕವನ್ನೂ ಹೊತ್ತವರು ಅವರೇ.

ಕೆನೆತ್ ಆಂಡರ್ಸನ್ ತನ್ನ ಜೊತೆಗಾರರಾದ ಬೈರನನ್ನೂ ರಂಗನನ್ನೂ ಹೆಸರಿಟ್ಟು ಬರೆದ. ತೇಜಸ್ವಿಯವರ ‘ಕಾಡಿನ ಕಥೆಗಳು’ ಆಂಡರ್ಸನ್ನನ ಲೋಕವನ್ನು ಕನ್ನಡದ ಮನೆಮನೆಗೆ ತಂದಿತು. ಆದರೂ ನಮ್ಮ ಕೂಟದಲ್ಲಿ ಎಲ್ಲರಿಗೂ ನೆನಪಿದ್ದದ್ದು ಆಂಡರ್ಸನ್ನನ .405 ವಿಂಚೆಸ್ಟರ್ ರೈಫಲ್. ಬೈರನ ಹೆಸರನ್ನು ಒಬ್ಬರೂ ಎತ್ತಲಿಲ್ಲ, ನಾವೂ ಸೇರಿ. ಊರು ಬಿಟ್ಟು ಬಂದ ನಮಗೆ ಕಾಡೆಂದರೆ ಈ ಪುಸ್ತಕಗಳೇ. ಅಲ್ಲಿಯೂ ದೊರೆಯ ಕಣ್ಣಿನಿಂದಲೇ ನೋಡಿದರೆ, ಕೋವಿಯನ್ನು ಹಗುರ ಮಾಡುವ ಕೆಲಸವನ್ನು ನಾವೇ ಮುಂದುವರಿಸಿದಂತೆ. ಮುಂದಿನ ತಿಂಗಳು ಅವೇ ಕಥೆಗಳನ್ನು ಮತ್ತೆ ಓದೋಣ. ಪ್ರತಿ ಪುಟದಲ್ಲೂ ಒಂದೇ ಪ್ರಶ್ನೆ ಕೇಳೋಣ: ಈಗ ಕೋವಿ ಯಾರ ಹೆಗಲ ಮೇಲಿದೆ?